ಹೆಂಗಸರ ದುಡಿಮೆ ಗೋಡೆಯ ಮೇಲಷ್ಟೇ ಇದ್ದರೆ ಸಾಲದು: ಕಲಾಶಾಲೆ, ಗ್ಯಾಲರಿಗಳನ್ನು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಲಾಶಾಲೆಗಳ ಮುಖ್ಯಸ್ಥರು, ಸಿಲೆಬಸ್ ಬರೆಯುವ ಸಮಿತಿಯವರು, ಪ್ರದರ್ಶನಕ್ಕೆ ಕೃತಿ ಆರಿಸುವ ಕ್ಯುರೇಟರ್‌ಗಳು, ಪರೀಕ್ಷೆಗೆ ಬಂದು ಅಂಕ ಕೊಡುವ ಹಿರಿಯರು, ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಲಾವಿದೆ. ಪಾಠವನ್ನೂ ಹೇಳುತ್ತೇನೆ. ಒಂದೇ ಮಾಧ್ಯಮಕ್ಕೆ ಅಂಟಿಕೊಂಡವಳಲ್ಲ. ನೇಯ್ಗೆ, ವಿಡಿಯೊ, ಪರ್ಫಾರ್ಮೆನ್ಸ್, ಬರಹ, ಯಾವುದು ಬೇಕೋ ಅದನ್ನು ಬಳಸುತ್ತೇನೆ. ಹೆಣ್ಣು ಏನು ಮಾಡಬೇಕು, ಗಂಡು ಏನು ಮಾಡಬೇಕು ಅಂತ ತೀರ್ಮಾನ ಮಾಡಿದವರು ಯಾರು, ಆ ತೀರ್ಮಾನದ ಭಾರ ಹೊರುತ್ತಿರುವ ಕೈಗಳು ಯಾರವು ಅನ್ನುವುದೇ ಬಹಳ ಕಾಲದಿಂದ ನನ್ನ ಕೆಲಸದ ವಿಷಯ.

ಈ ವಿಷಯಕ್ಕೆ ಈಗ ಒಳ್ಳೆಯ ಕಾಲ ಬಂದಿದೆ. ಪ್ರದರ್ಶನಗಳ ಆಹ್ವಾನದಲ್ಲಿ ಆರೈಕೆ, ದುಡಿಮೆ, ಮನೆ ಅನ್ನುವ ಮಾತುಗಳು ಮತ್ತೆ ಮತ್ತೆ ಕಾಣುತ್ತವೆ. ವಿದ್ಯಾರ್ಥಿನಿಯೊಬ್ಬಳು ಪೊರಕೆ, ಸೂಜಿ, ಹಳೇ ಬಟ್ಟೆ ತಂದು, ಕೋಣೆಯಲ್ಲಿ ಜೋಡಿಸಿ ಇನ್‌ಸ್ಟಲೇಷನ್ ಕಟ್ಟಿದರೆ ಮೊದಲಿನ ಹಾಗೆ ಯಾರೂ ಮೂಗು ಮುರಿಯುವುದಿಲ್ಲ. ಇದು ನನಗೆ ನಿಜವಾಗಲೂ ಸಂತೋಷದ ಸಂಗತಿ. ಆದರೆ ಈ ದುಡಿಮೆ ಗೋಡೆಯ ಮೇಲೆ ಬಂದಷ್ಟು ಸುಲಭವಾಗಿ ನಿಮ್ಮ ಲೆಕ್ಕದೊಳಗೆ ಬಂದಿಲ್ಲ. ಅಂಕಪಟ್ಟಿಗೆ ಬಂದಿಲ್ಲ. ಕೃತಿಯ ಪಕ್ಕದ ಲೇಬಲ್‌ಗೆ ಬಂದಿಲ್ಲ. ಟೈಮ್‌ಟೇಬಲ್‌ಗೂ ಬಂದಿಲ್ಲ. ಅಲ್ಲಿಗೂ ಅದನ್ನು ಬರಮಾಡಿಕೊಳ್ಳಿ ಅಂತ ಕೇಳುವುದಕ್ಕೇ ಈ ಪತ್ರ.

ನನ್ನ ತರಗತಿಯಿಂದ ಶುರು ಮಾಡುತ್ತೇನೆ. ಹೊಸಬರಿಗೆ ನಾನು ಕೊಡುವ ಮೊದಲ ಕೆಲಸ ಚಿತ್ರ ಬರೆಯುವುದಲ್ಲ, ದಿನಚರಿ ಬರೆಯುವುದು. ಎದ್ದಾಗಿನಿಂದ ಮಲಗುವವರೆಗೆ ನಿಮ್ಮ ಕೈ ಏನೇನು ಮಾಡಿತು ಅಂತ ಒಂದು ವಾರ ಬರೆದಿಡಿ, ಸುಮ್ನೆ ಕೂತಿದ್ದರೆ ಅದನ್ನೂ ಬರೆಯಿರಿ ಅನ್ನುತ್ತೇನೆ. ವಾರ ಕಳೆದ ಮೇಲೆ ಪುಟಗಳನ್ನೆಲ್ಲ ಹೆಸರಿಲ್ಲದೆ ಗೋಡೆಗೆ ಅಂಟಿಸುತ್ತೇವೆ. ಕೆಲವು ಪುಟಗಳಲ್ಲಿ ಸಂಜೆಗೆ ಒಂದೇ ಸಾಲು: ಮನೆಯಲ್ಲಿದ್ದೆ. ಇನ್ನು ಕೆಲವು ಪುಟಗಳಲ್ಲಿ ಅದೇ ಸಂಜೆಗೆ ಜಾಗ ಸಾಲದೆ ಅಂಚಿನಲ್ಲೂ ಬರಹ. ಯಾವುದು ಯಾರ ಪುಟ ಅಂತ ಊಹಿಸುವುದು ಕಷ್ಟವಲ್ಲ. ಬಟ್ಟೆ ಒಗೆದದ್ದು, ಪಾತ್ರೆ ತೊಳೆದದ್ದು, ತಂಗಿಗೆ ಪಾಠ ಹೇಳಿದ್ದು, ಮತ್ತೆ ಪಾತ್ರೆ ತೊಳೆದದ್ದು.

ಒಬ್ಬಳು ಒಂದು ಸಾಲು ಬರೆದಿದ್ದಳು. ಅದನ್ನು ನಾನು ಆಮೇಲೆ ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಕೆಲಸದ ಹೆಸರು ಬರೆಯುವ ಜಾಗದಲ್ಲಿ 'ನೆನಪಿಟ್ಟುಕೊಳ್ಳುವುದು' ಅಂತಿತ್ತು. ಯಾರ ಔಷಧಿ ಯಾವಾಗ ಮುಗಿಯುತ್ತದೆ, ತಮ್ಮನ ಫೀಸ್ ಕಟ್ಟಲು ಕೊನೇ ದಿನ ಯಾವುದು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಇದೆಲ್ಲ. ಎಷ್ಟು ಹೊತ್ತು ಅನ್ನುವ ಜಾಗದಲ್ಲಿ 'ಇಡೀ ದಿನ' ಅಂತಿತ್ತು. ಆ ಸಾಲನ್ನು ಓದಿದ ಮೇಲೆ ಬೇರೆ ಹುಡುಗಿಯರು ತಮ್ಮ ಪುಟ ಕೆಳಗಿಳಿಸಿಕೊಂಡು ತಿದ್ದಿದರು.

ಊಹೆ ಸುಳ್ಳು ಮಾಡುವ ಪುಟವೂ ಸಿಗುತ್ತದೆ. ಒಬ್ಬ ಹುಡುಗ ಹಾಸಿಗೆ ಹಿಡಿದ ಅಜ್ಜಿಯ ಎಲ್ಲ ಕೆಲಸವನ್ನೂ ತಾನೇ ಮಾಡುತ್ತಿದ್ದ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ರಾತ್ರಿ ಎದ್ದು ನೋಡುವುದು. ತರಗತಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಗೆಳೆಯರು ನಗುತ್ತಾರೆ ಅಂತ ಅವನು ಬಾಯಿ ಬಿಟ್ಟಿರಲಿಲ್ಲ. ತಡವಾಗಿ ಬರುತ್ತಾನೆ ಅಂತ ಅವನಿಗೆ ಹಾಜರಾತಿ ನೋಟಿಸ್ ಹೋಗಿತ್ತು. ಹೆಣ್ಣಿನ ಕೆಲಸ ಅಂತ ಹಣೆಪಟ್ಟಿ ಹಚ್ಚಿದ ಮೇಲೆ ಆ ಕೆಲಸಕ್ಕೆ ಬೆಲೆ ಇಲ್ಲದಾಗುತ್ತದೆ. ಗಂಡು ಅದನ್ನೇ ಮಾಡಿದರೆ ಅವನು ಅದನ್ನು ಬಚ್ಚಿಡಬೇಕಾಗುತ್ತದೆ. ಈ ಎರಡೂ ಒಂದೇ ಪಾತ್ರಹಂಚಿಕೆಯಿಂದ ಬಂದದ್ದು. ಅದಕ್ಕೇ ನಾನು ಈ ವಿಷಯವನ್ನು ಹುಡುಗಿಯರಿಗೆ ಮಾತ್ರ ಅಂತ ಪ್ರತ್ಯೇಕ ಕಮ್ಮಟ ಮಾಡಿ ಕಲಿಸಲು ಒಪ್ಪುವುದಿಲ್ಲ.

ಹೀಗೆ ದಿನಚರಿಯನ್ನೇ ಗೋಡೆಗೆ ಹಾಕುವ ದಾರಿಯನ್ನು ನಮಗಿಂತ ಮುಂಚಿನವರೇ ಹಾಕಿಕೊಟ್ಟಿದ್ದಾರೆ. ಲಂಡನ್ನಿನಲ್ಲಿ ಮಾರ್ಗರೆಟ್ ಹ್ಯಾರಿಸನ್, ಕೇ ಹಂಟ್, ಮೇರಿ ಕೆಲ್ಲಿ ಎಂಬ ಮೂವರು ಕಲಾವಿದೆಯರು 1973ರಿಂದ 1975ರವರೆಗೆ ಲೋಹದ ಡಬ್ಬಿ ತಯಾರಿಸುವ ಕಾರ್ಖಾನೆಯೊಂದರ ಹೆಂಗಸರ ದುಡಿಮೆಯನ್ನು ದಾಖಲೆ ಮಾಡಿದರು. ಬ್ರಿಟನ್ನಿನಲ್ಲಿ ಸಮಾನ ವೇತನದ ಕಾಯ್ದೆ 1970ರಲ್ಲೇ ಪಾಸಾಗಿತ್ತು. ಅದು ಜಾರಿಗೆ ಬಂದದ್ದು 1975ರ ಕೊನೆಗೆ. ಆ ನಡುವಿನ ಕಾಲದಲ್ಲಿ ಕಾರ್ಖಾನೆಯೊಳಗೆ ಏನಾಗುತ್ತದೆ ಅಂತ ಅವರು ನೋಡಿದರು. ಗಂಡಸರ ಕೆಲಸ ಬೇರೆ, ಹೆಂಗಸರ ಕೆಲಸ ಬೇರೆ ಅಂತ ಮೊದಲೇ ವಿಂಗಡಣೆ ಆಗಿಬಿಟ್ಟರೆ, ಒಂದೇ ಕೆಲಸಕ್ಕೆ ಒಂದೇ ಸಂಬಳ ಅನ್ನುವ ಕಾನೂನು ಯಾರಿಗೆ ಅನ್ವಯಿಸಬೇಕು? ಹೋಲಿಸುವುದಕ್ಕೆ ಒಂದೇ ಕೆಲಸ ಇದ್ದರೆ ತಾನೇ! ಪ್ರದರ್ಶನದಲ್ಲಿ ಅವರು ಫೋಟೊ, ಪಟ್ಟಿ, ಫಿಲ್ಮ್ ಎಲ್ಲ ಇಟ್ಟರು. ಜೊತೆಗೆ ಕೆಲಸಗಾರರ ದಿನಚರಿಯನ್ನೂ ಇಟ್ಟರು. ಗಂಡಸರ ದಿನಚರಿಯಲ್ಲಿ ಕೆಲಸ ಅಂದರೆ ಹೆಚ್ಚಾಗಿ ಕಾರ್ಖಾನೆಯ ಪಾಳಿ. ಹೆಂಗಸರ ದಿನಚರಿಯಲ್ಲಿ ಪಾಳಿಗೆ ಮೊದಲೂ ಕೆಲಸ, ಆಮೇಲೂ ಕೆಲಸ. ಅಲಂಕಾರದ ಒಂದು ಗೆರೆ ಬೇಕಾಗಿರಲಿಲ್ಲ ಅದಕ್ಕೆ. ಎರಡು ಕಾಗದ ಪಕ್ಕ ಪಕ್ಕ ಇಟ್ಟರೆ ಸಾಕಾಯಿತು.

ಇದೆಲ್ಲ ಹಳೇ ಕಥೆ ಅನ್ನಬೇಡಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಒಂದು ವರದಿ ಹೊರತಂದಿತು. 64 ದೇಶಗಳಲ್ಲಿ ಜನ ಹೊತ್ತು ಹೇಗೆ ಕಳೆಯುತ್ತಾರೆ ಅನ್ನುವ ಸಮೀಕ್ಷೆಗಳನ್ನು ಅದು ಸೇರಿಸಿ ನೋಡಿತ್ತು. ಸಂಬಳವಿಲ್ಲದ ಆರೈಕೆಯ ಕೆಲಸಕ್ಕೆ ದಿನಕ್ಕೆ 1,640 ಕೋಟಿ ಗಂಟೆ ಹೋಗುತ್ತದೆ. 200 ಕೋಟಿ ಜನ ದಿನಕ್ಕೆ ಎಂಟು ಗಂಟೆಯಂತೆ ಪುಕ್ಕಟೆ ದುಡಿದಷ್ಟು. ಅದರಲ್ಲಿ ನಾಲ್ಕನೇ ಮೂರು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಶೇ 76.2, ಹೆಂಗಸರದ್ದು. ಸರಾಸರಿ ಹೆಂಗಸು ದಿನಕ್ಕೆ 4 ಗಂಟೆ 25 ನಿಮಿಷ, ಸರಾಸರಿ ಗಂಡಸು 1 ಗಂಟೆ 23 ನಿಮಿಷ. ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಮನೆಯವರಿಗಾಗಿ ಮಾಡುವ ಅಡುಗೆ, ಶುಚಿ, ಆರೈಕೆ ಸೇರುವುದಿಲ್ಲ. ನ್ಯೂಜಿಲೆಂಡಿನ ಅರ್ಥಶಾಸ್ತ್ರಜ್ಞೆ ಮೆರಿಲಿನ್ ವೇರಿಂಗ್ 1988ರಲ್ಲೇ ಇಡೀ ಪುಸ್ತಕ ಬರೆದು ಇದನ್ನು ಪ್ರಶ್ನಿಸಿದರು. ಅರ್ಥಶಾಸ್ತ್ರದವರ ಲೆಕ್ಕ ಅವರು ಸರಿಮಾಡಿಕೊಳ್ಳಲಿ. ನಮ್ಮ ಶಾಲೆಯ ಲೆಕ್ಕ ನಮ್ಮ ಕೈಯಲ್ಲೇ ಇದೆಯಲ್ಲ, ನಾನು ಅದರ ಬಗ್ಗೆ ಮಾತಾಡುತ್ತಿದ್ದೇನೆ.

ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಎಲ್ಲರಿಗಿಂತ ದೂರ ಯೋಚಿಸಿದವರು ಅಮೆರಿಕದ ಕಲಾವಿದೆ ಮಿಯರ್ಲ್ ಲಾಡರ್‌ಮನ್ ಯೂಕಲೀಸ್. ಅವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಗು ಹುಟ್ಟಿದ ಮೇಲೆ ಅವರ ದಿನದ ಬಹುಪಾಲು ತೊಳೆಯುವುದು, ಒರೆಸುವುದು, ಉಣಿಸುವುದರಲ್ಲೇ ಹೋಗುತ್ತಿತ್ತು. ಕಲಾವಿದೆ ಬೇರೆ, ತಾಯಿ ಬೇರೆ ಅಂತ ಎರಡಾಗಿ ಬದುಕುವುದು ಅವರಿಗೆ ಸಾಕಾಗಿ ಹೋಯಿತು. 1969ರಲ್ಲಿ ಅವರು ಒಂದು ಪ್ರಣಾಳಿಕೆ ಬರೆದರು. ಹೊಸದನ್ನು ಹುಟ್ಟಿಸುವ ಕೆಲಸಕ್ಕೆ ಜಗತ್ತು ಹಾರ ಹಾಕುತ್ತದೆ, ಇದ್ದದ್ದನ್ನು ಕೆಡದ ಹಾಗೆ ಕಾಪಾಡುವ ಕೆಲಸವನ್ನು ಕಾಣುವುದೇ ಇಲ್ಲ ಅನ್ನುವುದು ಅದರ ತಿರುಳು. ಇನ್ನು ಮುಂದೆ ನಾನು ಮಾಡುವ ನಿರ್ವಹಣೆಯ ಕೆಲಸವೇ ನನ್ನ ಕಲೆ ಅಂತ ಅವರು ಘೋಷಿಸಿದರು. 1973ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಮ್ಯೂಸಿಯಂ ಒಂದರ ಮೆಟ್ಟಿಲುಗಳನ್ನೂ ನೆಲವನ್ನೂ ಗಂಟೆಗಟ್ಟಲೆ ತೊಳೆದರು. ಮ್ಯೂಸಿಯಂ ದಿನಾ ಶುಚಿಯಾಗೇ ಇರುತ್ತಿತ್ತು. ತೊಳೆಯುವವರು ಮಾತ್ರ ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. 1976ರಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಕಚೇರಿ ಕಟ್ಟಡದ 300 ಮಂದಿ ನಿರ್ವಹಣಾ ಕೆಲಸಗಾರರನ್ನು ಒಂದು ಮಾತು ಕೇಳಿದರು: ದಿನದ ಕೆಲಸದಲ್ಲಿ ಒಂದು ಗಂಟೆಯನ್ನು ಕಲೆ ಅಂತ ಅಂದುಕೊಂಡು ಮಾಡುತ್ತೀರಾ? ಅವರ ಫೋಟೊ ತೆಗೆದು, ಈಗ ನೀವು ಮಾಡುತ್ತಿರುವುದು ಕೆಲಸವೋ ಕಲೆಯೋ ಅಂತ ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಫೋಟೊದ ಮೇಲೆ ಗುರುತು ಹಾಕಿದರು. ತೀರ್ಮಾನ ಕೆಲಸಗಾರರದ್ದು, ಕಲಾವಿದೆಯದ್ದಲ್ಲ. ನಂತರ ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಯಲ್ಲಿ ಸಂಬಳವಿಲ್ಲದ ಕಲಾವಿದೆಯಾಗಿ ಸೇರಿ, 1979-80ರಲ್ಲಿ 8,500 ಕಸದ ಕೆಲಸಗಾರರ ಕೈ ಕುಲುಕಿ, ನಗರವನ್ನು ಬದುಕಿಸಿಟ್ಟದ್ದಕ್ಕೆ ಒಬ್ಬೊಬ್ಬರಿಗೂ ಧನ್ಯವಾದ ಹೇಳಿದರು. ಆ ಕೆಲಸಗಾರರು ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಮಗುವಿನ ಬಟ್ಟೆ ಒಗೆಯುವ ತಾಯಿಗೂ ಬೀದಿಯ ಕಸ ಎತ್ತುವ ಗಂಡಸಿಗೂ ನಡುವೆ ಇರುವ ನಂಟನ್ನು ಅವರು ಕಂಡುಕೊಂಡದ್ದು ನನಗೆ ಬಹಳ ದೊಡ್ಡ ಮಾತು ಅನ್ನಿಸುತ್ತದೆ. ಕಾಪಾಡುವ ಕೆಲಸ ಯಾರೇ ಮಾಡಲಿ, ಅದಕ್ಕೆ ಸಿಗುವ ಮರ್ಯಾದೆ ಹೆಂಗಸಿನ ಮನೆಗೆಲಸಕ್ಕೆ ಸಿಗುವ ಮರ್ಯಾದೆಯಷ್ಟೇ.

ನಿಮ್ಮಲ್ಲಿ ಹೆಚ್ಚಿನವರು ಯೂಕಲೀಸ್ ಬಗ್ಗೆ ಪಾಠ ಮಾಡುತ್ತೀರಿ, ನನಗೆ ಗೊತ್ತು. ಆ ಪಾಠ ನಡೆಯುವ ಕೋಣೆಯನ್ನು ಬೆಳಿಗ್ಗೆ ಗುಡಿಸಿದವರ ಹೆಸರು ವಿದ್ಯಾರ್ಥಿಗಳಿಗೆ ಗೊತ್ತಾಗುವ ಹಾಗೆ ಮಾಡಿ. ಸ್ಟುಡಿಯೊ ಶುಚಿ ಮಾಡುವುದನ್ನು ಕೋರ್ಸಿನ ಭಾಗ ಮಾಡಿ. ಗಂಡು ಹೆಣ್ಣು ಅನ್ನದೆ ಪಾಳಿ ಹಾಕಿ. ಮೇಷ್ಟ್ರುಗಳೂ ಆ ಪಾಳಿಯಲ್ಲಿ ಇರಲಿ. ಸ್ಟುಡಿಯೊದಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಬಣ್ಣದ ಬಕೆಟ್ ತೊಳೆಯಲು ನಿಲ್ಲುವವರು ಬಹುತೇಕ ಹುಡುಗಿಯರೇ. ಅವರಿಗೆ ಹಾಗೆ ಮಾಡಿ ಅಂತ ಯಾರೂ ಹೇಳಿರುವುದಿಲ್ಲ. ಹೇಳಬೇಕಾದ ಅಗತ್ಯವೇ ಬೀಳದ ಹಾಗೆ ಅವರನ್ನು ಬೆಳೆಸಲಾಗಿದೆ, ಅಷ್ಟೇ.

ಇನ್ನು ವಿಭಾಗಗಳ ಮಾತು. ಇಲ್ಲಿ ನನಗೆ ಸ್ವಲ್ಪ ಸಿಟ್ಟೂ ಇದೆ.

ಚಿತ್ರ, ಶಿಲ್ಪ ಒಂದು ಕಡೆ. ನೇಯ್ಗೆ, ಕಸೂತಿ, ಹೆಣಿಗೆ ಇನ್ನೊಂದು ಕಡೆ, ಅದೂ ಕರಕುಶಲ ಅನ್ನುವ ಹೆಸರಲ್ಲಿ. ಒಂದಕ್ಕೆ ದೊಡ್ಡ ಹಾಲ್, ಇನ್ನೊಂದಕ್ಕೆ ಹಿಂದಿನ ಕೋಣೆ. ಈ ವಿಂಗಡಣೆ ತಾನಾಗಿಯೇ ಹುಟ್ಟಿದ್ದಲ್ಲ. ಬೌಹೌಸ್ ಶಾಲೆಯನ್ನು ನೋಡಿ. 1919ರಲ್ಲಿ ಜರ್ಮನಿಯ ವೈಮರ್‌ನಲ್ಲಿ ಅದು ಶುರುವಾದಾಗ ಗಂಡು ಹೆಣ್ಣು ಅನ್ನುವ ಭೇದವಿಲ್ಲ ಅಂತ ಅದನ್ನು ಕಟ್ಟಿದ ವಾಲ್ಟರ್ ಗ್ರೋಪಿಯಸ್ ಮಾತು ಕೊಟ್ಟಿದ್ದರು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದರು. ಬಂದವರು ಜಾಸ್ತಿ ಆದರು ಅನ್ನಿಸಿದಾಗ ಅವರಲ್ಲಿ ಹೆಚ್ಚಿನವರನ್ನು ನೇಯ್ಗೆಯ ವಿಭಾಗಕ್ಕೆ ಕಳಿಸಲಾಯಿತು. ಅಲ್ಲಿ ಕಲಿಯಲು ಬಂದ ಆನಿ ಆಲ್ಬರ್ಸ್‌ಗೆ ಗಾಜಿನ ಕೆಲಸ ಕಲಿಯುವ ಆಸೆಯಿತ್ತು. ಸಿಕ್ಕಿದ್ದು ಮಗ್ಗ. ಗುಂಟಾ ಸ್ಟೋಲ್ಜ್ಲ್ ಅದೇ ನೇಯ್ಗೆ ವಿಭಾಗದ ಮುಖ್ಯಸ್ಥೆಯಾಗಿ ಬೆಳೆದರು. ಶಾಲೆಗೆ ನಿಜವಾಗಿ ದುಡ್ಡು ತಂದುಕೊಟ್ಟ ವಿಭಾಗಗಳಲ್ಲಿ ಅದೂ ಒಂದು. 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆಲ್ಬರ್ಸ್ ಅವರೊಬ್ಬರದೇ ಪ್ರದರ್ಶನ ಏರ್ಪಡಿಸಿತು. ಜವಳಿ ವಿನ್ಯಾಸದವರಿಗೆ ಅಲ್ಲಿ ಅಂಥ ಗೌರವ ಸಿಕ್ಕಿದ್ದು ಅದೇ ಮೊದಲು. ಬೇರೆ ಬಾಗಿಲುಗಳನ್ನು ಮುಚ್ಚಿ ಮಗ್ಗದ ಮುಂದೆ ಕೂರಿಸಿದರೂ ಆ ಹೆಂಗಸರು ಅಲ್ಲೇ ಹೊಸ ಕಲೆ ಕಟ್ಟಿದರು. ಅದನ್ನು ತೋರಿಸಿ ಬಾಗಿಲು ಮುಚ್ಚಿದ್ದು ಒಳ್ಳೆಯದೇ ಆಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಾಜಿನಲ್ಲಿ ಆಲ್ಬರ್ಸ್ ಏನು ಮಾಡುತ್ತಿದ್ದರು ಅಂತ ನಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರು ಕಲಿತದ್ದು ಚಿತ್ರಕಲೆ. 1990ರ ದಶಕದಲ್ಲಿ ಅವರು ಸೆಗಣಿ, ದಾರ, ಸೂಜಿ, ಕುಂಕುಮ ಕೈಗೆತ್ತಿಕೊಂಡರು. ಅವರದೊಂದು ಕೃತಿಯಲ್ಲಿ ಬಹಳ ಉದ್ದದ ದಾರಗಳನ್ನು ಸೂಜಿಯ ಕಣ್ಣಲ್ಲಿ ಪೋಣಿಸಿ, ಕುಂಕುಮ ಬೆರೆಸಿದ ಅಂಟು ಬಳಿದು, ಒಟ್ಟುಮಾಡಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಇದು ಚಿತ್ರವೋ, ಶಿಲ್ಪವೋ, ಹೊಲಿಗೆಯೋ? ನಿಮ್ಮ ಅರ್ಜಿ ನಮೂನೆಯಲ್ಲಿ ಇದಕ್ಕೆ ಯಾವ ಚೌಕದಲ್ಲಿ ಟಿಕ್ ಹಾಕಬೇಕು? ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಈ ಚೌಕದ ಮುಂದೆ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊಲಿಗೆಯ ಜೊತೆ ಧ್ವನಿ ಸೇರಿಸಿದವಳನ್ನು ಕರಕುಶಲದವರು ನಮ್ಮವಳಲ್ಲ ಅಂತಾರೆ, ಹೊಸ ಮಾಧ್ಯಮದವರೂ ನಮ್ಮವಳಲ್ಲ ಅಂತಾರೆ. ಹೆಂಗಸರ ದುಡಿಮೆ ಯಾವತ್ತೂ ಒಂದೇ ವಿಭಾಗದ್ದಾಗಿ ಇರಲಿಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸೌಟು, ಬಾಯಲ್ಲಿ ಮಗ್ಗಿ ಹೇಳಿಸುವುದು. ಅಂಥ ಬದುಕಿನ ಬಗ್ಗೆ ಕೃತಿ ಮಾಡುವವರು ಒಂದಕ್ಕಿಂತ ಜಾಸ್ತಿ ಮಾಧ್ಯಮ ಹಿಡಿಯುವುದು ಶೋಕಿಗಲ್ಲ. ಆ ಚೌಕವನ್ನು ತೆಗೆದುಹಾಕಿ. ಮಗ್ಗ ಬೇಕಾದ ಶಿಲ್ಪದ ವಿದ್ಯಾರ್ಥಿಗೆ ಮಗ್ಗ ಸಿಗಲಿ, ಎರಕದ ಕುಲುಮೆ ಬೇಕಾದ ನೇಯ್ಗೆಯವಳಿಗೆ ಕುಲುಮೆ ಸಿಗಲಿ.

ಲೇಬಲ್ ವಿಚಾರಕ್ಕೆ ಬರುತ್ತೇನೆ. ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ ಅವರ 'ದಿ ಡಿನ್ನರ್ ಪಾರ್ಟಿ' 1974ರಿಂದ 1979ರವರೆಗೆ ತಯಾರಾದ ದೊಡ್ಡ ಕೃತಿ. ತ್ರಿಕೋನಾಕಾರದ ಮೇಜು, ಇತಿಹಾಸದ 39 ಹೆಂಗಸರಿಗೆ 39 ಆಸನ, ನೆಲದ ಹೆಂಚುಗಳ ಮೇಲೆ ಇನ್ನೂ 999 ಹೆಂಗಸರ ಹೆಸರು. ಅದರ ಪಿಂಗಾಣಿ, ಕಸೂತಿ, ಸಂಶೋಧನೆಗೆ ನೂರಾರು ಜನ ಕೈಜೋಡಿಸಿದ್ದರು, ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಹೆಂಗಸರ ಮರೆತುಹೋದ ಸಾಧನೆಗೆ ಗೌರವ ಕೊಡುವ ಕೃತಿಯನ್ನು ಹೆಂಗಸರು ಪುಕ್ಕಟೆ ಕಟ್ಟಿದರು, ಕೃತಿ ಒಬ್ಬರ ಹೆಸರಲ್ಲಿ ನಿಂತಿತು ಅನ್ನುವ ಟೀಕೆ ಅದರ ಮೇಲೆ ಬಹಳ ಕಾಲದಿಂದ ಇದೆ. ಟೀಕೆಯಲ್ಲಿ ಹುರುಳಿದೆ. ಆದರೆ ಕೆಲಸ ಮಾಡಿದವರ ಹೆಸರುಗಳ ಫಲಕಗಳನ್ನೂ ಕೃತಿಯ ಜೊತೆಗೇ ಪ್ರದರ್ಶಿಸಿದರು ಅನ್ನುವುದನ್ನೂ ಮರೆಯಬಾರದು. ಈಗಿನ ಎಷ್ಟು ಪ್ರದರ್ಶನಗಳಲ್ಲಿ ಅಷ್ಟಾದರೂ ನಡೆಯುತ್ತದೆ?

ನನಗೂ ಒಮ್ಮೆ ಇದು ಎದುರಾಯಿತು. ಒಂದು ಕೃತಿಯ ಬಟ್ಟೆಯ ಭಾಗವನ್ನು ನಾಲ್ವರು ಹೆಂಗಸರು ನನ್ನ ಜೊತೆ ಹೊಲಿದಿದ್ದರು. ಅವರ ಹೆಸರನ್ನು ಲೇಬಲ್‌ಗೆ ಅಂತ ಬರೆದುಕೊಟ್ಟೆ. ಲೇಬಲ್ ಉದ್ದವಾಗುತ್ತದೆ, ನೋಡುವವರಿಗೆ ಗೊಂದಲವಾಗುತ್ತದೆ ಅಂತ ಪ್ರದರ್ಶನದವರು ತೆಗೆದುಹಾಕಿದರು. ಬಳಸಿದ ದಾರ ಯಾವ ಬಗೆಯದು ಅನ್ನುವುದಕ್ಕೆ ಮಾತ್ರ ಅದೇ ಲೇಬಲ್‌ನಲ್ಲಿ ಜಾಗವಿತ್ತು. ನಾನು ಪಟ್ಟು ಹಿಡಿದೆ, ಹೆಸರು ಬಂತು. ಪಟ್ಟು ಹಿಡಿಯಲು ನನಗೆ ವಯಸ್ಸೂ ಅನುಭವವೂ ಇತ್ತು. ಮೊದಲ ಸಲ ಕೃತಿ ಇಡುವ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅದಕ್ಕೇ ಇದು ಕಲಾವಿದರ ಒಳ್ಳೆಯತನಕ್ಕೆ ಬಿಡುವ ವಿಷಯವಲ್ಲ, ಸಂಸ್ಥೆಯ ನಿಯಮ ಆಗಬೇಕು. ಹೊಲಿದವರು, ನೇಯ್ದವರು, ಎರಕ ಹೊಯ್ದವರು, ಮಾಡೆಲ್ ಆಗಿ ಕೂತವರು, ಮಗುವನ್ನು ನೋಡಿಕೊಂಡು ಕಲಾವಿದೆಗೆ ಬಿಡುವು ಮಾಡಿಕೊಟ್ಟವರು ಕೂಡ, ಅವರು ಒಪ್ಪಿದರೆ ಅವರ ಹೆಸರು ಬರಲಿ. ಪ್ರದರ್ಶನದ ಬಜೆಟ್‌ನಲ್ಲಿ ಅವರ ಕೂಲಿಗೆ ಪ್ರತ್ಯೇಕ ಸಾಲು ಇರಲಿ. ಫ್ರೇಮಿಗೆ, ಸಾಗಣೆಗೆ, ದೀಪಕ್ಕೆ ದುಡ್ಡು ಇಡುವವರು ಕೈಗಳಿಗೂ ಇಡಬೇಕು.

ಶಾಲೆಯೊಳಗಿನ ದುಡಿಮೆಯ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. ಮೀಟಿಂಗಿನಲ್ಲಿ ಟಿಪ್ಪಣಿ ಯಾರು ಬರೆದುಕೊಳ್ಳುತ್ತಾರೆ ಅಂತ ನೋಡಿ. ಅತಿಥಿ ಬಂದರೆ ಊಟ, ವಾಸದ ವ್ಯವಸ್ಥೆ ಯಾರ ಪಾಲಿಗೆ ಬರುತ್ತದೆ ನೋಡಿ. ಮನೆಯಲ್ಲಿ ಕಷ್ಟ ಅಂತ ವಿದ್ಯಾರ್ಥಿ ಅಳುತ್ತಾ ಬಂದರೆ ಯಾವ ಕೋಣೆಯ ಬಾಗಿಲು ತಟ್ಟುತ್ತಾರೆ ನೋಡಿ. ಮಕ್ಕಳು ನಮ್ಮನ್ನು ನಂಬಿ ಬರುವುದು ದೊಡ್ಡ ವಿಷಯ, ಆ ಹೊತ್ತನ್ನು ನಾನು ಯಾವತ್ತೂ ಬೇಡ ಅನ್ನಲ್ಲ. ಆದರೆ ಬಡ್ತಿಯ ಅರ್ಜಿಯಲ್ಲಿ ಆ ಗಂಟೆಗಳಿಗೆ ಜಾಗವೇ ಇಲ್ಲ. ಅಲ್ಲಿ ಕೇಳುವುದು ಪ್ರದರ್ಶನಗಳ ಪಟ್ಟಿ. ಬಾಗಿಲು ಮುಚ್ಚಿಕೊಂಡು ಸ್ವಂತ ಕೃತಿ ಮಾಡಿಕೊಂಡವರ ಪಟ್ಟಿ ಉದ್ದ ಇರುತ್ತದೆ, ಬಾಗಿಲು ತೆರೆದಿಟ್ಟವರದು ಚಿಕ್ಕದಿರುತ್ತದೆ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು ಶೇ 90ರಷ್ಟು ಹೆಂಗಸರು ಕಚೇರಿಯ ಕೆಲಸವನ್ನೂ ಮನೆಯ ಕೆಲಸವನ್ನೂ ಒಟ್ಟಿಗೇ ನಿಲ್ಲಿಸಿದರು. ಶಾಲೆ, ಅಂಗಡಿ, ಕಾರ್ಖಾನೆ ಮುಚ್ಚಿದವು, ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದರು. ನಿಮ್ಮ ಶಾಲೆಯಲ್ಲಿ ಅಂಥ ಒಂದು ದಿನ ಬಂದರೆ ಏನೇನು ನಿಲ್ಲುತ್ತದೆ ಅಂತ ದಯವಿಟ್ಟು ಒಂದು ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಇರುವುದನ್ನೆಲ್ಲ ಸರದಿಯ ಮೇಲೆ ಹಂಚಿ, ಕೆಲಸದ ಹೊರೆಯಲ್ಲಿ ಲೆಕ್ಕ ಹಿಡಿಯಿರಿ.

ಹೊತ್ತಿನ ಪ್ರಶ್ನೆಯೂ ಇದೆ. ಕೃತಿ ವಿಮರ್ಶೆಯ ತರಗತಿ ಸಂಜೆ, ಉಪನ್ಯಾಸ ರಾತ್ರಿ, ರೆಸಿಡೆನ್ಸಿ, ಅಂದರೆ ಕಲಾವಿದರು ಒಂದು ಕಡೆ ಉಳಿದು ಕೃತಿ ಮಾಡುವ ಅವಕಾಶ, ತಿಂಗಳುಗಟ್ಟಲೆ ಬೇರೆ ಊರಲ್ಲಿ, ಮಕ್ಕಳಿಗೆ ಪ್ರವೇಶವಿಲ್ಲ. ಹೀಗೆ ನಿಯಮ ಮಾಡುವಾಗ ಮನೆಯಲ್ಲಿ ಇನ್ನೊಬ್ಬರು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಾರೆ ಅಂತ ನೀವು ಮೊದಲೇ ಅಂದುಕೊಂಡಿರುತ್ತೀರಿ. 2012ರಲ್ಲಿ ಲೆಂಕಾ ಕ್ಲೇಟನ್ ಎಂಬ ಕಲಾವಿದೆ ತನ್ನ ಮನೆಯನ್ನೇ ರೆಸಿಡೆನ್ಸಿ ಅಂತ ಘೋಷಿಸಿಕೊಂಡರು. ಚೂರುಚೂರಾದ ಹೊತ್ತು, ಅರೆನಿದ್ದೆ, ಮಗುವಿನ ಗಲಾಟೆ, ಇವನ್ನೇ ಕಲೆಯ ಸಾಮಗ್ರಿ ಮಾಡಿಕೊಂಡರು. ಆಮೇಲೆ ಬೇರೆ ಬೇರೆ ದೇಶಗಳ ತಾಯಂದಿರು ಅದೇ ಮಾದರಿ ಹಿಡಿದರು. ಅವರ ಜಾಣ್ಮೆಗೆ ನನ್ನ ಮೆಚ್ಚುಗೆ ಇದೆ. ಆದರೆ ಒಬ್ಬೊಬ್ಬ ತಾಯಿಯೂ ತನ್ನ ದಾರಿ ತಾನೇ ಕಂಡುಕೊಳ್ಳಲಿ ಅಂತ ಸಂಸ್ಥೆಗಳು ಕೈಕಟ್ಟಿ ಕೂರುವುದು ಸರಿಯಲ್ಲ. ಹಗಲು ಹೊತ್ತಿನಲ್ಲಿ ವಿಮರ್ಶೆ ಇಡುವುದು ಕಷ್ಟವೇ? ವಾರಕ್ಕೆ ಕೆಲವೇ ದಿನ ಬರುವಂಥ ರೆಸಿಡೆನ್ಸಿ ಮಾಡಲಾಗದೇ? ಅನುದಾನದಲ್ಲಿ ಮಕ್ಕಳ ಅಥವಾ ಹಿರಿಯರ ಆರೈಕೆಯ ಖರ್ಚು ತೋರಿಸಲು ಅವಕಾಶ ಕೊಡಲಾಗದೇ? ವಯಸ್ಸಿನ ಮಿತಿಯಂತೂ ಮೊದಲು ಹೋಗಬೇಕು. ಮಕ್ಕಳನ್ನು ಬೆಳೆಸಿ ನಲವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿಯುವ ಹೆಂಗಸು ಕೂಡ ಹೊಸ ಕಲಾವಿದೆಯೇ.

ಇದನ್ನೆಲ್ಲ ಮೀಟಿಂಗುಗಳಲ್ಲಿ ಹೇಳಿದಾಗ ನನಗೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ. ಅಂಕ ಕೃತಿಯ ಗುಣಕ್ಕೆ ಕೊಡಬೇಕು, ಕಷ್ಟಕ್ಕಲ್ಲ, ಗಂಟೆಗಲ್ಲ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕೆಟ್ಟ ಕೃತಿಗೆ ಕಣ್ಣೀರು ನೋಡಿ ಅಂಕ ಕೊಡಿ ಅಂತ ನಾನು ಯಾವತ್ತೂ ಕೇಳಿಲ್ಲ. ಆದರೆ ಗುಣ ಅನ್ನುವುದನ್ನು ಯಾರ ಕಣ್ಣಿನಿಂದ ನೋಡುತ್ತೀರಿ? 1989ರಲ್ಲಿ ಹೆಸರು ಮರೆಮಾಡಿಕೊಂಡ ಕಲಾವಿದೆಯರ ಗೆರಿಲ್ಲಾ ಗರ್ಲ್ಸ್ ತಂಡ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಲೆಕ್ಕ ಹಾಕಿ ಪೋಸ್ಟರ್ ಮಾಡಿತು. ಆಧುನಿಕ ಕಲೆಯ ವಿಭಾಗದಲ್ಲಿ ಕಲಾವಿದೆಯರು ಶೇ 5ಕ್ಕಿಂತ ಕಡಿಮೆ, ನಗ್ನಚಿತ್ರಗಳಲ್ಲಿ ಹೆಂಗಸರು ಶೇ 85. ಆ ಆಯ್ಕೆಯೂ ಗುಣದ ಹೆಸರಲ್ಲೇ ನಡೆದಿತ್ತು. ಮೇರಿ ಕೆಲ್ಲಿ ತನ್ನ ಮಗನನ್ನು ಬೆಳೆಸಿದ ವರ್ಷಗಳನ್ನೇ ಕೃತಿ ಮಾಡಿ, ಮಗುವಿನ ಕೊಳೆಯಾದ ಲಂಗೋಟಿಯ ಒಳಪದರಗಳನ್ನು 1976ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದಾಗ ಪತ್ರಿಕೆಗಳು ಹೀಯಾಳಿಸಿದವು. ಇವತ್ತು ಅದೇ ಕೃತಿಯನ್ನು ಕಲೆಯ ಇತಿಹಾಸದ ಪಾಠದಲ್ಲಿ ಓದಿಸುತ್ತೇವೆ. ಕೃತಿ ಬದಲಾಗಲಿಲ್ಲ, ನೋಡುವವರು ಬದಲಾದರು.

ಗಂಟೆಗೆ ಅಂಕ ಬೇಡ. ಆದರೆ ಗಂಟೆ ಕಾಣಲಿ. ಪೋರ್ಟ್‌ಫೋಲಿಯೊ ಜೊತೆಗೆ ಕೆಲಸದ ದಾಖಲೆಯನ್ನೂ ಕೇಳಿ. ಈ ಕೃತಿಗೆ ಯಾರ ಯಾರ ಹೊತ್ತು ಹೋಯಿತು, ಯಾರಿಗೆ ದುಡ್ಡು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಒಂದು ಪುಟ ಸಾಕು. ಇದು ಹೆಂಗಸರ ದುಡಿಮೆಯ ಬಗ್ಗೆ ಕೃತಿ ಮಾಡಿದವರಿಗೆ ಮಾತ್ರ ಅಂತ ಇರಬಾರದು. ದೊಡ್ಡ ಕಂಚಿನ ಶಿಲ್ಪ ತಂದವನೂ ಬರೆಯಲಿ. ನನ್ನ ತರಗತಿಯಲ್ಲಿ ಇದನ್ನು ಮಾಡಿಸಿದ್ದೇನೆ. ಮನೆಯವರು ಊಟದ ಡಬ್ಬಿ ಕಳಿಸಿದ್ದರಿಂದ ರಾತ್ರಿಯಿಡೀ ಸ್ಟುಡಿಯೊದಲ್ಲಿ ಇರಲು ಆಯಿತು ಅಂತ ಬರೆದ ಹುಡುಗ ಮುಂದಿನ ಕೃತಿಯಲ್ಲಿ ಅಮ್ಮನನ್ನು ಸಹಕಲಾವಿದೆ ಅಂತ ಸೇರಿಸಿಕೊಂಡ. ಅವರಿಬ್ಬರೂ ಸೇರಿ ಮಾಡಿದ ಧ್ವನಿಯ ಕೃತಿ ಆ ವರ್ಷ ನಾನು ಕೇಳಿದ್ದರಲ್ಲೆಲ್ಲ ಒಳ್ಳೆಯದು. ಒಬ್ಬ ತಾಯಿ ತನ್ನ ಅಡುಗೆಮನೆಯ ಸದ್ದುಗಳನ್ನು ಒಂದೊಂದಾಗಿ ಗುರುತಿಸಿ, ಆ ಸದ್ದು ಬಂದಾಗ ತಾನು ಏನು ಯೋಚಿಸುತ್ತಿದ್ದೆ ಅಂತ ಹೇಳುತ್ತಾ ಹೋಗುತ್ತಾರೆ. ಮಗ ಮಧ್ಯೆ ಒಂದು ಮಾತೂ ಆಡುವುದಿಲ್ಲ.

ಮುಂದಿನ ಶೈಕ್ಷಣಿಕ ವರ್ಷದ ಸಿಲೆಬಸ್ ಮತ್ತು ಪ್ರವೇಶದ ಅರ್ಜಿ ಅಚ್ಚಿಗೆ ಹೋಗುವ ಮೊದಲು ನನ್ನ ಬೇಡಿಕೆಗಳನ್ನು ಸಮಿತಿಯ ಮುಂದಿಡಿ. ಎಲ್ಲವೂ ಒಂದೇ ಸಲ ಆಗುವುದಿಲ್ಲ ಅಂತಾದರೆ ದುಡ್ಡು ಬೇಕಿಲ್ಲದ್ದನ್ನು ಮೊದಲು ಮಾಡಿ: ಕೆಲಸದ ದಾಖಲೆಯ ಒಂದು ಪುಟ, ಲೇಬಲ್‌ನಲ್ಲಿ ಹೆಸರು, ಸ್ಟುಡಿಯೊ ಶುಚಿಯ ಪಾಳಿ, ಅರ್ಜಿಯ ಆ ಚೌಕ, ವಯಸ್ಸಿನ ಮಿತಿ. ಕೂಲಿಗೂ ಆರೈಕೆಯ ಖರ್ಚಿಗೂ ಮುಂದಿನ ಬಜೆಟ್‌ನಲ್ಲಿ ಹಣ ಇಡಿ. ದಾಖಲೆಯ ನಮೂನೆಯೊಂದನ್ನು ನನ್ನ ವಿದ್ಯಾರ್ಥಿಗಳು ಈಗಾಗಲೇ ತಯಾರು ಮಾಡಿದ್ದಾರೆ. ಕೇಳಿದವರಿಗೆಲ್ಲ ಕೊಡುತ್ತೇವೆ, ತಿದ್ದಿ ಬಳಸಿಕೊಳ್ಳಿ. ಇದರಲ್ಲಿ ಯಾವುದು ಆಗುವುದಿಲ್ಲ ಅನ್ನಿಸಿದರೂ ಯಾಕೆ ಆಗುವುದಿಲ್ಲ ಅಂತ ಬರಹದಲ್ಲಿ ತಿಳಿಸಿ. ಬಂದ ಉತ್ತರಗಳನ್ನು ತರಗತಿಯಲ್ಲಿ ಓದಿ ಚರ್ಚೆ ಮಾಡುತ್ತೇವೆ, ನಮ್ಮ ಮಾತನ್ನೂ ನಿಮಗೆ ಬರೆದು ಕಳಿಸುತ್ತೇವೆ.

ವಿಶ್ವಾಸದಿಂದ,
ಒಬ್ಬ ಕಲಾವಿದೆ, ಶಿಕ್ಷಕಿ